ವುರ್ಟೆಂಬರ್ಗ್ ಡಚಿಯ ಸಣ್ಣ ಪಟ್ಟಣಗಳ ಆಡಳಿತ ಇತಿಹಾಸ: ಹುಡುಕುವವರಿಗೆ ಸಮಗ್ರ ಮಾರ್ಗದರ್ಶಿ

ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ 1495ರಿಂದ ಡಚಿ, ಅಂದರೆ ಡ್ಯೂಕ್ ಆಳುವ ಸಂಸ್ಥಾನ. 1803ರಲ್ಲಿ ಅದರ ಒಡೆಯನಿಗೆ ಜರ್ಮನ್ ಸಂಸ್ಥಾನಗಳ ಮೇಲಿದ್ದ ಪವಿತ್ರ ರೋಮನ್ ಚಕ್ರವರ್ತಿಯನ್ನು ಆರಿಸುವ ಹಕ್ಕು ಬಂತು, 1806ರ ಜನವರಿ 1ರಂದು ಅದು ರಾಜನ ಆಳ್ವಿಕೆಯ ರಾಜ್ಯವಾಯಿತು. ಕನ್ನಡಿಗರಿಗೂ ಈ ಸೀಮೆಗೂ ಹಳೆಯ ನಂಟಿದೆ. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಹುಟ್ಟಿದ್ದು 1811ರಲ್ಲಿ, ಇಲ್ಲಿನ ಬ್ರಾಕನ್‌ಹೈಮ್ ಎಂಬ ಪುಟ್ಟ ಪಟ್ಟಣದಲ್ಲಿ. ಮೋಗ್ಲಿಂಗರಂಥ ಬಾಸೆಲ್ ಮಿಶನ್ ಪಾದ್ರಿಗಳ ಹಿನ್ನೆಲೆ ಹುಡುಕುವ ಕನ್ನಡ ಸಂಶೋಧಕರು, ಸ್ಟಟ್‌ಗಾರ್ಟ್ ಸುತ್ತ ನೆಲೆಸಿ ತಮ್ಮ ಊರಿನ ಹಳೆಯ ಕಾಗದಗಳಲ್ಲಿ ಆಸಕ್ತಿ ಹುಟ್ಟಿಸಿಕೊಂಡವರು, ಇಬ್ಬರೂ ಒಂದೇ ಕಡೆ ಎಡವುತ್ತಾರೆ. ಊರಿನ ಹೆಸರು ಹಿಡಿದು ಹುಡುಕುತ್ತಾರೆ, ಏನೂ ಸಿಗುವುದಿಲ್ಲ.

ಸಿಗದಿರುವುದಕ್ಕೆ ಕಾರಣವಿದೆ. ಅಲ್ಲಿ ದಫ್ತರಗಳು ಊರಿನ ಹೆಸರಿನಲ್ಲಿ ಜೋಡಣೆಯಾಗಿಲ್ಲ, ಅವುಗಳನ್ನು ಬರೆದ ಕಚೇರಿಯ ಹೆಸರಿನಲ್ಲಿ ಜೋಡಣೆಯಾಗಿವೆ. ಕಚೇರಿ ಮುಚ್ಚಿದಾಗ ಕಾಗದ ಅದರ ವಾರಸುದಾರ ಕಚೇರಿಗೆ ಹೋಗುತ್ತದೆ, ಅಲ್ಲಿಂದ ಪತ್ರಾಗಾರಕ್ಕೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ: ಇಂಥ ವರ್ಷದಲ್ಲಿ ಈ ಪಟ್ಟಣ ಯಾವ ಕಚೇರಿಯ ಕೈಕೆಳಗಿತ್ತು, ಅಲ್ಲಿ ಲೇಖನಿ ಹಿಡಿದವನು ಯಾರು? ಮುಂದಿನ ಹಂತಗಳೆಲ್ಲ ಈ ಪ್ರಶ್ನೆಗೆ ಉತ್ತರ ಕಟ್ಟುವ ಕೆಲಸವೇ. ಉದ್ದಕ್ಕೂ ಬ್ರಾಕನ್‌ಹೈಮನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದೆ.

ಮೊದಲ ಹಂತ: ಇಂದಿನ ಊರನ್ನು ಬಿಡಿಸಿ ಹರಡಿ

ಇವತ್ತಿನ ನಕ್ಷೆಯಲ್ಲಿ ಕಾಣುವ ಪಟ್ಟಣ 1970ರ ದಶಕದ ಸೃಷ್ಟಿ. ಬಾಡೆನ್-ವುರ್ಟೆಂಬರ್ಗ್ ರಾಜ್ಯ ಆ ದಶಕದ ಮೊದಲರ್ಧದಲ್ಲಿ ಸ್ಥಳೀಯ ಆಡಳಿತಗಳನ್ನು ಒಟ್ಟುಗೂಡಿಸಿತು. 3,379 ಇದ್ದ ಪಟ್ಟಣ-ಗ್ರಾಮಗಳು 1975ರ ಜನವರಿ ಹೊತ್ತಿಗೆ ಸುಮಾರು 1,100ಕ್ಕೆ ಇಳಿದವು. ಬ್ರಾಕನ್‌ಹೈಮ್ ಪಟ್ಟಣದೊಳಗೆ ಆಗ ಸೇರಿದ ಹಳ್ಳಿಗಳು ಏಳು: ಬೋಟನ್‌ಹೈಮ್, ಡ್ಯುರನ್‌ತ್ಸಿಮರ್ನ್, ಹಾಬರ್‌ಶ್ಲಾಖ್ಟ್, ಹೌಸನ್, ಮೈಮ್ಸ್‌ಹೈಮ್, ನೈಪೆರ್ಗ್, ಸ್ಟಾಕ್‌ಹೈಮ್.

ಈ ಏಳೂ ಡ್ಯೂಕನ ಪ್ರಜೆಗಳಾಗಿದ್ದವು ಎಂದುಕೊಂಡರೆ ಕೆಲಸ ಕೆಟ್ಟಿತು. ನೈಪೆರ್ಗ್ ಅದೇ ಹೆಸರಿನ ಮನೆತನದ ಸ್ವಂತ ಜಹಗೀರು. ಆ ಮನೆತನ ನೇರವಾಗಿ ಚಕ್ರವರ್ತಿಗೆ ಮಾತ್ರ ತಲೆಬಾಗುತ್ತಿತ್ತು, ಡ್ಯೂಕನಿಗಲ್ಲ. ಸ್ಟಾಕ್‌ಹೈಮ್ ಟ್ಯೂಟಾನಿಕ್ ವೀರರ ಸಂಘ ಎಂಬ ಧಾರ್ಮಿಕ ಯೋಧರ ಕೂಟದ ಆಸ್ತಿ, ಕ್ಯಾಥೊಲಿಕ್ ಊರು. ಎರಡೂ ವುರ್ಟೆಂಬರ್ಗಿನ ತೆಕ್ಕೆಗೆ ಬಿದ್ದದ್ದು ನೆಪೋಲಿಯನ್ ಕಾಲದ ಹಂಚಿಕೆಯಲ್ಲಿ, 1806ರ ಆಸುಪಾಸಿನಲ್ಲಿ. ಅದಕ್ಕೂ ಹಿಂದಿನ ಸ್ಟಾಕ್‌ಹೈಮಿನ ತೆರಿಗೆ ಪುಸ್ತಕವನ್ನು ಡ್ಯೂಕನ ದಫ್ತರದಲ್ಲಿ ಎಷ್ಟು ಹುಡುಕಿದರೂ ಕಾಣದು.

ಮಾಡಬೇಕಾದ್ದಿಷ್ಟು. ಒಂದು ಹಾಳೆಯಲ್ಲಿ ಇಂದಿನ ಪಟ್ಟಣದ ಭಾಗಗಳನ್ನೆಲ್ಲ ಬರೆದುಕೊಳ್ಳಿ. ಪ್ರತಿಯೊಂದರ ಎದುರಿಗೆ ನಾಲ್ಕು ಸಂಗತಿ: 1800ರಲ್ಲಿ ಒಡೆಯ ಯಾರು, ಆಗಿನ ಮತ ಯಾವುದು, ಪಟ್ಟಣಕ್ಕೆ ಸೇರಿದ ವರ್ಷ, ಅದಕ್ಕೆ ಹಿಂದೆ ಯಾವ ಜಿಲ್ಲೆಯಲ್ಲಿತ್ತು. ರಾಜ್ಯದ ಲಿಯೋ-ಬಿಡಬ್ಲ್ಯು ಜಾಲತಾಣದಲ್ಲಿ ಪ್ರತಿ ಊರಿಗೂ ಒಂದು ಪುಟವಿದ್ದು, ಈ ಮಾಹಿತಿಯ ಬಹುಪಾಲು ಅಲ್ಲೇ ಸಿಗುತ್ತದೆ. ಮತದ ಅಂಕಣವನ್ನು ಅಲಕ್ಷಿಸಬೇಡಿ. ಸುತ್ತಲೂ ಲೂಥರನ್ ಊರುಗಳಿದ್ದು ನಡುವೆ ಒಂದೇ ಒಂದು ಕ್ಯಾಥೊಲಿಕ್ ಊರು ಕಂಡರೆ, ಅಲ್ಲಿ ಬೇರೆ ಒಡೆಯನಿದ್ದ ಎಂದು ಸಾಮಾನ್ಯವಾಗಿ ತಿಳಿಯಬಹುದು.

ಎರಡನೇ ಹಂತ: ಕಚೇರಿಗಳ ಸರಪಳಿ

ಡಚಿಯ ಮೂಲ ಘಟಕ 'ಆಮ್ಟ್'. ನಡುವೆ ಗೋಡೆ ಸುತ್ತಿದ ಒಂದು ಕಸಬಾ ಪಟ್ಟಣ, ಸುತ್ತ ಅದರ ಹಳ್ಳಿಗಳು. ಕಂದಾಯ, ನ್ಯಾಯ, ಸೈನ್ಯಕ್ಕೆ ಆಳು ಕೊಡುವುದು ಎಲ್ಲ ಈ ಘಟಕದ ಮೂಲಕವೇ. ಸಂಸ್ಥಾನದ ಸಭೆಯಲ್ಲಿ ಕೂರುವ ಹಕ್ಕೂ ಆಮ್ಟಿನ ಹೆಸರಿನಲ್ಲಿ ಕಸಬಾದ ಪ್ರಮುಖರದ್ದು. 1457ರಲ್ಲಿ ಲಿಯೊನ್‌ಬೆರ್ಗ್‌ನಲ್ಲಿ ಸೇರಿದ ಸಭೆಯಲ್ಲೇ ಪಟ್ಟಣಗಳ ಪ್ರತಿನಿಧಿಗಳು ಕೂತಿದ್ದರು. 1514ರ ಟ್ಯೂಬಿಂಗನ್ ಒಪ್ಪಂದದಲ್ಲಿ ಡ್ಯೂಕ್ ಉಲ್ರಿಖನ 9 ಲಕ್ಷ ಗುಲ್ಡನ್‌ಗೂ ಮಿಗಿಲಾದ ಸಾಲವನ್ನು ಹೊತ್ತುಕೊಂಡವರೂ ಇವರೇ. ಬದಲಿಗೆ, ತಮ್ಮನ್ನು ಕೇಳದೆ ಹೊಸ ತೆರಿಗೆ ಹಾಕುವಂತಿಲ್ಲ ಎಂದು ಬರೆಸಿಕೊಂಡರು. ಸಣ್ಣ ಪಟ್ಟಣಗಳ ದಫ್ತರಗಳಲ್ಲಿ ತೆರಿಗೆ ಹಂಚಿಕೆಯ ಕಾಗದ ರಾಶಿಗಟ್ಟಲೆ ಇರುವುದು ಇದರಿಂದಲೇ. ಮೇಲಿನಿಂದ ಬಂದ ಮೊತ್ತವನ್ನು ಆಮ್ಟಿನ ಸಭೆ ಹಳ್ಳಿ ಹಳ್ಳಿಗೆ ಹಂಚಬೇಕಿತ್ತು, ಪ್ರತಿ ಹಂಚಿಕೆಗೂ ಲೆಕ್ಕ ಬೇಕಿತ್ತು.

ಎಲ್ಲ ಆಮ್ಟುಗಳೂ ಒಂದೇ ಗಾತ್ರದವಲ್ಲ. ಉರಾಖ್‌ನಂಥ ಆಮ್ಟಿಗೆ ಹತ್ತಾರು ಹಳ್ಳಿಗಳು, ಕೆಲವು ಆಮ್ಟುಗಳಲ್ಲಿ ಪಟ್ಟಣದ ಆಚೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಬ್ರಾಕನ್‌ಹೈಮಿಗೆ ಕೂಗಳತೆಯಲ್ಲಿರುವ ಗ್ಯುಗ್ಲಿಂಗನ್ ಕೂಡ ತನ್ನದೇ ಆಮ್ಟಿನ ಕಸಬೆಯಾಗಿತ್ತು. ಇವಲ್ಲದೆ ಕ್ಲೋಸ್ಟರ್‌ಆಮ್ಟ್ ಎಂಬುದು ಬೇರೆ. ಮೌಲ್‌ಬ್ರಾನ್, ಬೆಬನ್‌ಹೌಸನ್, ಹಿರ್ಸೌ ಮುಂತಾದ ಮಠಗಳ ಹಳ್ಳಿಗಳು 1534ರ ನಂತರ, ಲೂಥರನ್ ಸುಧಾರಣೆ ಬಂದ ಮೇಲೂ, ಪ್ರತ್ಯೇಕ ಆಡಳಿತವಾಗಿಯೇ ಉಳಿದವು. ಪಟ್ಟಣದ ಗೋಡೆಗೆ ಅಂಟಿಕೊಂಡ ಹಳ್ಳಿ ಆ ಪಟ್ಟಣದ ಆಮ್ಟಿನಲ್ಲಿ ಕಾಣದಿದ್ದರೆ ಮೊದಲು ಮಠದ ಆಮ್ಟುಗಳಲ್ಲಿ ನೋಡಿ.

ಇನ್ನು ವರ್ಷಗಳು. 1519ರಲ್ಲಿ ಉಲ್ರಿಖನನ್ನು ಓಡಿಸಲಾಯಿತು. 1520ರಿಂದ 1534ರವರೆಗೆ ಹ್ಯಾಬ್ಸ್‌ಬರ್ಗ್ ಆಳ್ವಿಕೆ, ಈ ಹದಿನಾಲ್ಕು ವರ್ಷಗಳಲ್ಲಿ ಆದೇಶಗಳು ಬೇರೆ ಒಡೆಯನ ಹೆಸರಿನಲ್ಲಿವೆ. ಆಮ್ಟಿನ ಚೌಕಟ್ಟು ಮಾತ್ರ ಕದಲಲಿಲ್ಲ. ನಿಜವಾದ ಅಲುಗಾಟ 1803ರಿಂದ 1818ರವರೆಗಿನದು. ಅತ್ಯಂತ ಹೆಚ್ಚು ತಪ್ಪುಗಳಾಗುವ ಕಾಲವೂ ಅದೇ, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸಬೇಕು.

1803ರಲ್ಲಿ ರಾಯ್ಟ್‌ಲಿಂಗನ್, ಎಸ್ಲಿಂಗನ್, ಹೈಲ್‌ಬ್ರಾನ್, ರಾಟ್‌ವೈಲ್‌ನಂಥ ಸ್ವತಂತ್ರ ಪಟ್ಟಣಗಳು ವುರ್ಟೆಂಬರ್ಗ್ ಪಾಲಾದವು. ಆಗಿನ ಒಡೆಯ ಫ್ರೆಡರಿಕ್ ಅವನ್ನು ಹಳೆಯ ಡಚಿಗೆ ಸೇರಿಸಲಿಲ್ಲ. ಸೇರಿಸಿದ್ದರೆ ಹಳೆಯ ಸಭೆಗೆ ಅಲ್ಲೂ ಹಕ್ಕು ಬರುತ್ತಿತ್ತು. ಹೊಸ ಸೀಮೆಗೆ ಎಲ್‌ವಾಂಗನ್‌ನಲ್ಲಿ ಬೇರೆ ಸರ್ಕಾರ ಕೂರಿಸಿದ. 1805ರ ಡಿಸೆಂಬರ್ ಕೊನೆಯಲ್ಲಿ ಆ ಹಳೆಯ ಸಭೆಯನ್ನೇ ರದ್ದು ಮಾಡಿದ. 1806ರ ಮಾರ್ಚ್ 18ರ ಆದೇಶದಿಂದ ಎರಡೂ ಸೀಮೆ ಒಂದಾಗಿ, ಹಲವು ಆಮ್ಟುಗಳನ್ನು ಒಳಗೊಂಡ 12 ಕ್ರೈಸ್‌ಗಳಾದವು. ನಂತರದ ವರ್ಷಗಳಲ್ಲಿ ಸಣ್ಣ ಆಮ್ಟುಗಳು ಅಳಿದವು. ಗ್ಯುಗ್ಲಿಂಗನ್ ಬ್ರಾಕನ್‌ಹೈಮಿನೊಳಗೆ ಸೇರಿಹೋಯಿತು, ಮಠದ ಆಮ್ಟುಗಳೂ ಕರಗಿದವು. ಉಳಿದ ಆಮ್ಟುಗಳು, ಅಂದರೆ ಆಗಿನ ಹೆಸರಿನಲ್ಲಿ ಓಬರ್‌ಆಮ್ಟುಗಳು, ಅರವತ್ತನಾಲ್ಕರ ಆಸುಪಾಸು, ಒಂದೊಂದಕ್ಕೂ ಸರಾಸರಿ 20,000 ಜನ. 1810ರಲ್ಲಿ ಕ್ರೈಸ್ ಎಂಬ ಹೆಸರು ಹೋಗಿ 12 ಲಾಂಡ್‌ಫೋಕ್ಟೈಗಳು ಬಂದವು. 1817ರ ನವೆಂಬರಿನ ಆದೇಶದಿಂದ ಅವೂ ಹೋಗಿ ನಾಲ್ಕು ದೊಡ್ಡ ಕ್ರೈಸ್‌ಗಳು: ಲುಡ್ವಿಗ್ಸ್‌ಬರ್ಗ್ ಕೇಂದ್ರದ ನೆಕರ್, ರಾಯ್ಟ್‌ಲಿಂಗನ್ ಕೇಂದ್ರದ ಶ್ವಾರ್ಟ್ಸ್‌ವಾಲ್ಡ್, ಉಲ್ಮ್ ಕೇಂದ್ರದ ಡೋನೌ, ಎಲ್‌ವಾಂಗನ್ ಕೇಂದ್ರದ ಯಾಗ್ಸ್ಟ್. ಬ್ರಾಕನ್‌ಹೈಮ್ ಸೇರಿದ್ದು ನೆಕರ್ ಕ್ರೈಸಿಗೆ.

ಮುಂದಿನದು ಸರಾಗ. ನಾಲ್ಕು ಕ್ರೈಸ್‌ಗಳು 1924ರಲ್ಲಿ ಮುಚ್ಚಿದವು. ಬ್ರಾಕನ್‌ಹೈಮ್ ಓಬರ್‌ಆಮ್ಟ್ 1926ರ ಏಪ್ರಿಲ್ 1ರಂದು ರದ್ದಾಗಿ ಅದರ ಬಹುಪಾಲು ಹೈಲ್‌ಬ್ರಾನಿಗೆ ಹೋಯಿತು, ಪಟ್ಟಣ ತನ್ನ ಕಸಬಾ ಸ್ಥಾನ ಕಳೆದುಕೊಂಡಿತು. 1934ರಲ್ಲಿ ಓಬರ್‌ಆಮ್ಟಿಗೆ ಕ್ರೈಸ್ ಎಂದು ಮರುನಾಮಕರಣ. 1938ರ ಅಕ್ಟೋಬರ್ 1ರಂದು ಉಳಿದವನ್ನೆಲ್ಲ ಕೂಡಿಸಿ 34 ಜಿಲ್ಲೆ, ಜತೆಗೆ ಸ್ಟಟ್‌ಗಾರ್ಟ್, ಉಲ್ಮ್, ಹೈಲ್‌ಬ್ರಾನ್ ಎಂಬ 3 ನಗರ ಜಿಲ್ಲೆಗಳು. 1945ರ ನಂತರ ಉತ್ತರ ಭಾಗ ಅಮೆರಿಕನ್ನರ ಕೈಯಲ್ಲಿ, ದಕ್ಷಿಣ ಭಾಗ ಫ್ರೆಂಚರ ಕೈಯಲ್ಲಿ ಎರಡು ರಾಜ್ಯಗಳಾಗಿತ್ತು. 1952ರ ಏಪ್ರಿಲ್ 25ರಂದು ಎರಡೂ ಬಾಡೆನ್ ಜತೆ ಕೂಡಿ ಇಂದಿನ ರಾಜ್ಯವಾದವು. 1973ರ ಜನವರಿ 1ರಂದು ಆ ರಾಜ್ಯದ 63 ಜಿಲ್ಲೆಗಳು 35ಕ್ಕೆ ಇಳಿದವು.

ಇದನ್ನೆಲ್ಲ ಒಂದು ಕೋಷ್ಟಕಕ್ಕೆ ಇಳಿಸಿ. ಅಂಕಣಗಳು ಆರು ಸಾಕು: ಯಾವ ವರ್ಷದಿಂದ, ಯಾವ ವರ್ಷದವರೆಗೆ, ಪಟ್ಟಣದ ಮೇಲಿನ ಕಚೇರಿ, ಅದರ ಮೇಲಿನ ಕಚೇರಿ, ಮುಖ್ಯಸ್ಥನ ಪದವಿ, ದಫ್ತರ ಈಗ ಎಲ್ಲಿದೆ. ಕೊನೆಯ ಅಂಕಣ ಖಾಲಿ ಬಿಡಿ, ನಾಲ್ಕನೇ ಹಂತದಲ್ಲಿ ತುಂಬುತ್ತದೆ.

ಮೂರನೇ ಹಂತ: ಪದವಿಗಳನ್ನು ಆಯಾ ಕಾಲದ ಅರ್ಥದಲ್ಲೇ ಓದಿ

ಇಲ್ಲಿ ಅವಸರ ಮಾಡಿದವರ ಬರಹಗಳಲ್ಲಿ ಇಡೀ ಶತಮಾನವೇ ತಲೆಕೆಳಗಾಗಿರುತ್ತದೆ.

ಬ್ಯುರ್ಗರ್‌ಮೈಸ್ಟರ್ ಎಂದರೆ ಇಂದು ನಗರಾಧ್ಯಕ್ಷ. ಡಚಿಯ ಕಾಲದಲ್ಲಿ ಹಾಗಲ್ಲ. ಆತ ಪಟ್ಟಣದ ಲೆಕ್ಕ ಇಡುವವನು, ಖಜಾನೆಯ ಹೊಣೆಗಾರ, ಸಾಮಾನ್ಯವಾಗಿ ಒಬ್ಬರಿಗಿಂತ ಹೆಚ್ಚು ಮಂದಿ ಇರುತ್ತಿದ್ದರು. 1690ರ ಕಡತದಲ್ಲಿ ಒಬ್ಬ ಬ್ಯುರ್ಗರ್‌ಮೈಸ್ಟರ್ ಸಹಿ ಕಂಡು 'ಆಗಿನ ಮೇಯರ್' ಎಂದು ಬರೆದರೆ ತಪ್ಪು. ಕಸಬಾ ಪಟ್ಟಣದ ನಿಜವಾದ ಮುಖ್ಯಸ್ಥ ಡ್ಯೂಕ್ ನೇಮಿಸಿದ ಫೋಕ್ಟ್. ಹಳ್ಳಿಗಳಲ್ಲೂ ಆಮ್ಟಿನ ಕೇಂದ್ರವಲ್ಲದ ಪಟ್ಟಣಗಳಲ್ಲೂ ಶುಲ್ಟ್‌ಹೈಸ್. 19ನೇ ಶತಮಾನದಲ್ಲಿ ಪಟ್ಟಣದ ಮುಖ್ಯಸ್ಥ ಸ್ಟಾಟ್‌ಶುಲ್ಟ್‌ಹೈಸ್ ಆದ. ಬ್ಯುರ್ಗರ್‌ಮೈಸ್ಟರ್ ಎಂಬ ಪದವಿ ಅವನಿಗೆ ದೊರೆತದ್ದು 1930ರ ಕಾನೂನಿನಿಂದ.

ಫೋಕ್ಟ್‌ಗಳಲ್ಲೂ ಎರಡು ಬಗೆ. ಮೇಲಿನ ಓಬರ್‌ಫೋಕ್ಟ್ ಬಹುತೇಕ ಕುಲೀನ, ಹಲವು ಆಮ್ಟುಗಳಿಗೆ ಒಬ್ಬನೇ ಇದ್ದದ್ದೂ ಉಂಟು, ಊರಲ್ಲಿ ವಾಸ ಕಡಿಮೆ. ಕೆಲಸ ಮಾಡಿದವನು ಕೆಳಗಿನ ಉಂಟರ್‌ಫೋಕ್ಟ್. 1750ರ ದಶಕದ ಕೊನೆಗೆ ಇವನಿಗೆ ಓಬರ್‌ಆಮ್ಟ್‌ಮಾನ್ ಎಂಬ ಹೆಸರು ಬಂತು, ಆಮ್ಟೂ ಓಬರ್‌ಆಮ್ಟ್ ಎನಿಸಿಕೊಂಡಿತು. ಅಧಿಕಾರ, ಗಡಿ ಎರಡೂ ಹಾಗೆಯೇ ಇದ್ದವು. ಹೆಸರು ಬದಲಾದ ಕಡೆಯೆಲ್ಲ ಸುಧಾರಣೆ ಆಯಿತೆಂದು ಬರೆಯಬೇಡಿ.

ಡ್ಯೂಕನ ವರಮಾನ ನೋಡುವವನು ಕೆಲ್ಲರ್: ಧಾನ್ಯದ ಕಣಜ, ದ್ರಾಕ್ಷಿ ಹಿಂಡುವ ಗಾಣ, ನೆಲಮಾಳಿಗೆಯ ಪೀಪಾಯಿ ಎಲ್ಲ ಇವನ ಸುಪರ್ದಿ. ಚರ್ಚಿನ ಆಸ್ತಿಗೆ ಬೇರೆಯೇ ಆಡಳಿತಾಧಿಕಾರಿ. ಕಾಡಿಗೆ ಅರಣ್ಯಾಧಿಕಾರಿ, ಅವನ ವ್ಯಾಪ್ತಿಯ ಗಡಿ ಆಮ್ಟಿನ ಗಡಿಗೆ ಹೊಂದುವುದಿಲ್ಲ. ಹೀಗೆ ಒಂದೇ ಪಟ್ಟಣದ ಬಗ್ಗೆ ಒಂದೇ ವರ್ಷದಲ್ಲಿ ಮೂರು ನಾಲ್ಕು ಕೈಗಳು ಬರೆಯುತ್ತಿದ್ದವು. ಒಬ್ಬನ ಪುಸ್ತಕದಲ್ಲಿ ಕಾಣದ ಹೊಲ ಇನ್ನೊಬ್ಬನ ಪುಸ್ತಕದಲ್ಲಿ ಇರಬಹುದು.

ಎಲ್ಲಕ್ಕಿಂತ ಮುಖ್ಯನಾದವನು ಸ್ಟಾಟ್‌ಶ್ರೈಬರ್, ಪಟ್ಟಣದ ಬರಹಗಾರ. 1555ರ ಸಂಸ್ಥಾನ ಕಾನೂನು ಬಂದ ಮೇಲೆ ಮದುವೆಯಾದಾಗ ಗಂಡು ಹೆಣ್ಣು ಇಬ್ಬರೂ ತಂದ ಆಸ್ತಿಯ ಪಟ್ಟಿ, ಸತ್ತಾಗ ಆಸ್ತಿ ಹಂಚಿಕೆಯ ಪಟ್ಟಿ ಮಾಡುವುದು ರೂಢಿಗೆ ಬಂತು. ಹಂಡೆ, ಚಮಚ, ಹಾಸಿಗೆ, ಬೈಬಲ್, ಸಾಲದ ಚೀಟಿ, ಒಂದನ್ನೂ ಬಿಡದೆ ಬರೆಸುತ್ತಿದ್ದರು. ಆಡಳಿತ ಇತಿಹಾಸಕ್ಕೆ ಇವು ಏಕೆ? ಪಟ್ಟಿಯ ತಲೆಬರಹದಲ್ಲಿ ಹಾಜರಿದ್ದ ಅಧಿಕಾರಿಗಳ ಹೆಸರು ಪದವಿಗಳಿರುತ್ತವೆ. ಹತ್ತು ವರ್ಷಕ್ಕೊಂದರಂತೆ ಪಟ್ಟಿ ತೆಗೆದು ತಲೆಬರಹ ಮಾತ್ರ ಓದುತ್ತ ಹೋದರೆ ಪಟ್ಟಣದ ಪದಾಧಿಕಾರಿಗಳ ಸಾಲು ತಾನಾಗಿ ಸಿದ್ಧವಾಗುತ್ತದೆ. ಬೇರೆ ಯಾವ ಮೂಲವೂ ಇಷ್ಟು ಅಚ್ಚುಕಟ್ಟಾಗಿ ಇದನ್ನು ಕೊಡುವುದಿಲ್ಲ.

'ಕ್ರೈಸ್' ಪದದ ಬಗ್ಗೆ ಒಂದು ಎಚ್ಚರಿಕೆ. 1806ಕ್ಕೆ ಹಿಂದಿನ ಕಾಗದದಲ್ಲಿ ಅದು ಚಕ್ರಾಧಿಪತ್ಯದ ಸ್ವಾಬಿಯಾ ಮಂಡಲ, ಹಲವು ಸಂಸ್ಥಾನಗಳ ಕೂಟ. 1806ರಿಂದ 1810ರವರೆಗೆ 12ರಲ್ಲಿ ಒಂದು. 1817ರಿಂದ 1924ರವರೆಗೆ ನಾಲ್ಕರಲ್ಲಿ ಒಂದು. 1934ರಿಂದ ಈಚೆಗೆ ಇಂದಿನ ಜಿಲ್ಲೆಯ ಪೂರ್ವಜ. ವರ್ಷ ನೋಡದೆ ಅರ್ಥ ಹೇಳಬೇಡಿ.

ನಾಲ್ಕನೇ ಹಂತ: ಕಾಗದ ಎಲ್ಲಿದೆ

ಶುರು ಮಾಡಬೇಕಾದ್ದು ಅಚ್ಚಾದ ಪುಸ್ತಕದಿಂದ. 1824ರಿಂದ 1886ರವರೆಗೆ ಸರ್ಕಾರ ಪ್ರತಿ ಓಬರ್‌ಆಮ್ಟಿಗೂ ಒಂದೊಂದರಂತೆ ವಿವರಣಾ ಸಂಪುಟ ಹೊರತಂದಿತು, ಒಟ್ಟು 64. ಮೊದಲನೆಯದು ರಾಯ್ಟ್‌ಲಿಂಗನ್, ಬ್ರಾಕನ್‌ಹೈಮಿನದು 1873. ಇವು ಜರ್ಮನ್ ವಿಕಿಸೋರ್ಸ್‌ನಲ್ಲೂ ಗ್ರಂಥಾಲಯಗಳ ತಾಣಗಳಲ್ಲೂ ಉಚಿತ. ಮೊದಲರ್ಧ ಇಡೀ ಓಬರ್‌ಆಮ್ಟಿನ ನೆಲ, ಜನ, ವ್ಯವಸಾಯ, ಆಡಳಿತ. ಎರಡನೇ ಅರ್ಧದಲ್ಲಿ ಕಸಬಾ ಮೊದಲು, ಆಮೇಲೆ ಅಕಾರಾದಿಯಾಗಿ ಊರುಗಳು. ಪ್ರತಿ ಊರಿನ ಕೊನೆಯಲ್ಲಿ ಹಿಂದಿನ ಒಡೆಯರ ಪಟ್ಟಿ ಇರುತ್ತದೆ, ಅದೇ ನಿಮಗೆ ಬೇಕಾದ್ದು. ಊರಿನ ತಲೆಯಲ್ಲೇ 'ಎರಡನೇ ವರ್ಗದ ಗ್ರಾಮ' ಎಂಬಂಥ ಮಾತು ಬರುತ್ತದೆ. ಅದು 1822ರ ಆಡಳಿತ ಆದೇಶದ ವರ್ಗೀಕರಣ: 5,000ಕ್ಕೂ ಹೆಚ್ಚು ಜನವಿದ್ದರೆ ಮೊದಲ ವರ್ಗ, 1,000ದಿಂದ 5,000 ಎರಡನೆಯದು, ಅದಕ್ಕಿಂತ ಕಡಿಮೆ ಮೂರನೆಯದು. ಪಟ್ಟಣವೋ ಹಳ್ಳಿಯೋ ಎಂಬುದಕ್ಕೂ ಈ ವರ್ಗಕ್ಕೂ ಸಂಬಂಧವಿಲ್ಲ. ಎರಡನೇ ವರ್ಗದ ಪಟ್ಟಣಗಳು ಬೇಕಾದಷ್ಟಿದ್ದವು. ಸಂಪುಟದ ಮಧ್ಯಯುಗದ ತಾರೀಖುಗಳನ್ನು ಕಣ್ಣುಮುಚ್ಚಿ ನಂಬಬೇಡಿ, ಅವು 19ನೇ ಶತಮಾನದ ವಿದ್ವಾಂಸರು ಓದಿಕೊಂಡಂತೆ ಇವೆ. ಲಿಯೋ-ಬಿಡಬ್ಲ್ಯು ಪುಟದ ಜತೆ ಹೋಲಿಸಿ.

ಅಚ್ಚಿನಿಂದ ಕೈಬರಹಕ್ಕೆ ಬಂದರೆ ಮೂರು ಕಡೆ ನೋಡಬೇಕು.

ಡಚಿಯ ಕೇಂದ್ರ ಕಚೇರಿಗಳದ್ದು ಸ್ಟಟ್‌ಗಾರ್ಟಿನ ಮುಖ್ಯ ಪತ್ರಾಗಾರದಲ್ಲಿ. ಅಲ್ಲಿ 'ಎ' ಅಕ್ಷರದಿಂದ ಶುರುವಾಗುವ ಸರಣಿಗಳು 1806ಕ್ಕೆ ಹಿಂದಿನ ಹಳೆಯ ವುರ್ಟೆಂಬರ್ಗಿನವು, 'ಇ' ಸರಣಿಗಳು 19ನೇ ಶತಮಾನದ ಮಂತ್ರಾಲಯಗಳವು. 'ಎಚ್ 101' ಡ್ಯೂಕನ ಹಿಡುವಳಿ ಪುಸ್ತಕಗಳು, 'ಎಚ್ 102' ಚರ್ಚು ಮಠಗಳ ಹಿಡುವಳಿ ಪುಸ್ತಕಗಳು, ಎರಡೂ ಆಮ್ಟುವಾರು. ಓಬರ್‌ಆಮ್ಟ್ ಕಚೇರಿಗಳ ದಫ್ತರ ಉತ್ತರ ಭಾಗದ್ದಾದರೆ ಲುಡ್ವಿಗ್ಸ್‌ಬರ್ಗ್ ಪತ್ರಾಗಾರದಲ್ಲಿ, 'ಎಫ್' ಸರಣಿ. ದಕ್ಷಿಣದ್ದಾದರೆ ಸಿಗ್ಮಾರಿಂಗನ್. 1800ರ ನಂತರ ಸೇರಿದ ಬೇರೆ ಒಡೆಯರ ಹಳೆಯ ಕಾಗದಗಳಿಗೆ ಲುಡ್ವಿಗ್ಸ್‌ಬರ್ಗಿನ 'ಬಿ' ಸರಣಿಯಲ್ಲಿ ಮೊದಲು ಕಣ್ಣಾಡಿಸಿ. ಸ್ಟಾಕ್‌ಹೈಮ್‌ನಂಥ ಊರಿನವರು ಮರೆಯಬಾರದ ಜಾಗ ಇದು. ಮೂರೂ ಪತ್ರಾಗಾರಗಳ ಸೂಚಿ ಒಂದೇ ಜಾಲತಾಣದಲ್ಲಿದೆ, ಹುಡುಕಲು ಹಣ ಕೊಡಬೇಕಿಲ್ಲ.

ಮೂರನೆಯದು ಪಟ್ಟಣದ ಸ್ವಂತ ದಫ್ತರ: ಸಭೆಯ ನಡಾವಳಿ, ವಾರ್ಷಿಕ ಲೆಕ್ಕ, ಸ್ಟಾಟ್‌ಶ್ರೈಬರನ ಆಸ್ತಿಪಟ್ಟಿಗಳು. ಸಣ್ಣ ಪಟ್ಟಣಗಳಲ್ಲಿ ಇದಕ್ಕೆ ಪೂರ್ಣಾವಧಿ ನೌಕರ ಇಲ್ಲದಿರಬಹುದು, ಆಗ ಜಿಲ್ಲಾ ಪತ್ರಾಗಾರ ನೋಡಿಕೊಳ್ಳುತ್ತದೆ. ಮುಂಚಿತವಾಗಿ ಪತ್ರ ಬರೆಯದೆ ಹೋಗಬೇಡಿ. ಪತ್ರದಲ್ಲಿ 'ನಮ್ಮ ಊರಿನ ಇತಿಹಾಸ ಬೇಕು' ಎಂದರೆ ಉಪಯೋಗವಿಲ್ಲ. ವರ್ಷ, ಕಚೇರಿ, ಕಾಗದದ ಬಗೆ ಮೂರನ್ನೂ ಬರೆಯಿರಿ, ಉದಾಹರಣೆಗೆ '1740ರಿಂದ 1760ರವರೆಗಿನ ಪಟ್ಟಣದ ವಾರ್ಷಿಕ ಲೆಕ್ಕ ಉಳಿದಿದೆಯೇ'.

ಇವಲ್ಲದೆ ಚರ್ಚಿನ ಪುಸ್ತಕಗಳಿವೆ. ವುರ್ಟೆಂಬರ್ಗಿನಲ್ಲಿ ದೀಕ್ಷಾಸ್ನಾನ, ಮದುವೆಗಳ ದಾಖಲೆ ಇಡಬೇಕೆಂಬ ಆಜ್ಞೆ ಹೊರಟದ್ದು 1558ರಲ್ಲಿ, ಕುಟುಂಬವಾರು ಪುಸ್ತಕ 1808ರಿಂದ, ಸರ್ಕಾರಿ ಜನನ ಮರಣ ನೋಂದಣಿ 1876ರಿಂದ. ಲೂಥರನ್ ಚರ್ಚಿನ ಪುಸ್ತಕಗಳು ಆರ್ಕಿಯೋನ್ ಎಂಬ ತಾಣದಲ್ಲಿ ಚಂದಾ ಕೊಟ್ಟರೆ ತೆರೆಯುತ್ತವೆ. ಮೋಗ್ಲಿಂಗರ ದಾಖಲೆ ಹುಡುಕುವವರು ಗಮನಿಸಬೇಕು: 1811ರ ಹೊತ್ತಿಗೆ ಡಚಿ ಮುಗಿದು ಐದು ವರ್ಷವಾಗಿತ್ತು, ಆದ್ದರಿಂದ ಅವರ ಸುತ್ತಲಿನ ಆಡಳಿತ ಕಾಗದವೆಲ್ಲ ರಾಜ್ಯದ ಕಾಲದ್ದು, ಅದನ್ನು 'ಎ' ಸರಣಿಯಲ್ಲಿ ಹುಡುಕಿ ಫಲವಿಲ್ಲ. 1640ರ ದಶಕದಿಂದ ಪಾದ್ರಿಯೂ ಊರ ಅಧಿಕಾರಿಯೂ ಕೂತು ನಡೆಸಿದ ಚರ್ಚು ಪಂಚಾಯತಿಯ ನಡಾವಳಿಗಳೂ ಉಂಟು. ಶಾಲೆ, ಬಡವರಿಗೆ ನೆರವು, ಜಗಳ ತೀರ್ಮಾನ ಇವುಗಳಲ್ಲಿ ಆಡಳಿತ ದಿನನಿತ್ಯ ಹೇಗೆ ನಡೆಯುತ್ತಿತ್ತೆಂದು ತಿಳಿಯಲು ಅವುಗಳಿಗೆ ಸಮನಾದ್ದಿಲ್ಲ.

ಐದನೇ ಹಂತ: ಹಿಡುವಳಿ ಪುಸ್ತಕ ಓದುವ ಕ್ರಮ

ಲಾಗರ್‌ಬೂಖ್ ಎಂಬುದು ಒಡೆಯನಿಗೆ ಯಾವ ಹೊಲದಿಂದ, ಯಾವ ಮನೆಯಿಂದ ಏನು ಬರಬೇಕೆಂದು ಬರೆದಿಟ್ಟ ದಪ್ಪ ಪುಸ್ತಕ. ಕೆಲವು ದಶಕಗಳಿಗೊಮ್ಮೆ ಜನರನ್ನು ಕರೆಸಿ, ಪ್ರಮಾಣ ಮಾಡಿಸಿ, ಹೊಸದಾಗಿ ಬರೆಯುತ್ತಿದ್ದರು.

ಹೆಚ್ಚಿನವರು ತಮಗೆ ಬೇಕಾದ ಮನೆತನದ ಹೆಸರು ಹುಡುಕುತ್ತ ಪುಟ ಮಗುಚುತ್ತಾರೆ. ಆಡಳಿತ ಇತಿಹಾಸ ಬೇಕಾದವರಿಗೆ ಮುಖ್ಯವಾದದ್ದು ಶುರುವಿನ ಹಾಳೆಗಳು. ಊರಿನ ಮೇಲೆ ಒಡೆತನ ಯಾರದ್ದು, ದೊಡ್ಡ ಅಪರಾಧದ ತೀರ್ಪು ಯಾರದ್ದು, ಸಣ್ಣ ಜಗಳದ್ದು ಯಾರದ್ದು, ಶುಲ್ಟ್‌ಹೈಸನನ್ನು ನೇಮಿಸುವವರು ಯಾರು, ಸುಂಕ ಮತ್ತು ಮದ್ಯದ ತೆರಿಗೆ ಯಾರ ಕೈಗೆ, ಬಿಟ್ಟಿ ದುಡಿಮೆ ಎಷ್ಟು, ಇವೆಲ್ಲ ಅಲ್ಲಿ ಸಾಲಾಗಿ ಬರುತ್ತವೆ. ಈ ಭಾಗವನ್ನು ಮೊದಲು ಪೂರ್ತಿ ಬರೆದುಕೊಳ್ಳಿ. ನಂತರ ಅದೇ ಊರಿನ ಮುಂದಿನ ಪುಸ್ತಕ ತೆಗೆದು ಅದೇ ಭಾಗವನ್ನು ಪಕ್ಕಕ್ಕಿಡಿ. ಎರಡರ ನಡುವೆ ಬದಲಾದ ಸಾಲುಗಳೇ ಆ ಅವಧಿಯ ಆಡಳಿತ ಬದಲಾವಣೆ.

ಲಿಪಿ ಕುರೆಂಟ್, ಹಳೆಯ ಜರ್ಮನ್ ಓಟದ ಬರಹ. 'ಇ' ಮತ್ತು 'ಎನ್' ಒಂದೇ ಥರ ಕಾಣುತ್ತವೆ, 'ಯು' ಮೇಲೊಂದು ಕೊಂಕು ಇರುತ್ತದೆ. 19ನೇ ಶತಮಾನದ ಸಭಾ ನಡಾವಳಿಯಿಂದ ಶುರು ಮಾಡಿ ಹಿಂದಕ್ಕೆ ಹೋಗಿ, 16ನೇ ಶತಮಾನಕ್ಕೆ ನೇರವಾಗಿ ಧುಮುಕಬೇಡಿ. ಟ್ರಾನ್ಸ್‌ಕ್ರಿಬಸ್ ತಂತ್ರಾಂಶ ಓದಿ ಕೊಡುತ್ತದೆ, ಆದರೆ ಅದು ಎಡವುವುದು ಊರು ಮತ್ತು ಜನರ ಹೆಸರಿನಲ್ಲೇ, ನಿಮಗೆ ಬೇಕಾದ್ದೂ ಅವೇ. ಹೆಸರುಗಳನ್ನು ಕಣ್ಣಿಂದ ಪರೀಕ್ಷಿಸಿ. ಕಾಗುಣಿತವೂ ನಿಂತ ನೀರಲ್ಲ. 'ಆಮ್ಟ್' ಪದದ ನಡುವೆ ಒಂದು 'ಬಿ' ಸೇರಿಸಿ ಬರೆಯುವುದು 17ನೇ ಶತಮಾನದಲ್ಲಿ ಸಾಮಾನ್ಯ, '-ಹೈಮ್' ಎಂದು ಮುಗಿಯುವ ಊರುಗಳಲ್ಲಿ 'ಇ' ಬದಲು 'ಎ', 'ಐ' ಬದಲು 'ವೈ' ಅಕ್ಷರ ಬರುತ್ತದೆ. ಸೂಚಿಯಲ್ಲಿ ಹುಡುಕುವಾಗ ಎಲ್ಲ ರೂಪ ಹಾಕಿ ನೋಡಿ.

ಆರನೇ ಹಂತ: ತಾರೀಖು, ಅಳತೆ, ಹಣ

ಲೂಥರನ್ ವುರ್ಟೆಂಬರ್ಗ್ 1700ರವರೆಗೆ ಹಳೆಯ ಜೂಲಿಯನ್ ಪಂಚಾಂಗವನ್ನೇ ಹಿಡಿದಿತ್ತು. ಆ ವರ್ಷ ಫೆಬ್ರವರಿ 18ರ ಮಾರನೇ ದಿನ ಮಾರ್ಚ್ 1. ಕ್ಯಾಥೊಲಿಕ್ ಒಡೆಯರು 1580ರ ದಶಕದಲ್ಲೇ ಹೊಸ ಗ್ರೆಗೋರಿಯನ್ ಪಂಚಾಂಗಕ್ಕೆ ಹೋಗಿದ್ದರು. ನಡುವಿನ ಸುಮಾರು 115 ವರ್ಷ, ಪಕ್ಕಪಕ್ಕದ ಎರಡು ಊರುಗಳಲ್ಲಿ ಒಂದೇ ದಿನಕ್ಕೆ ಹತ್ತು ದಿನದ ವ್ಯತ್ಯಾಸ. 1634ರ ನೋರ್ಡ್‌ಲಿಂಗನ್ ಕಾಳಗ ಮುಗಿದದ್ದು ಒಂದು ಕಡೆ ಆಗಸ್ಟ್ 27, ಇನ್ನೊಂದು ಕಡೆ ಸೆಪ್ಟೆಂಬರ್ 6. ಟಿಪ್ಪಣಿಯಲ್ಲಿ ಮೂಲದ ತಾರೀಖನ್ನೇ ಬರೆದು ಪಕ್ಕದಲ್ಲಿ 'ಹಳೆ' ಅಥವಾ 'ಹೊಸ' ಎಂದು ಗುರುತು ಹಾಕಿ.

ಲೆಕ್ಕದ ವರ್ಷ ಜನವರಿಯಿಂದ ಅಲ್ಲ. ಡಚಿಯಲ್ಲಿ ಅದು ಏಪ್ರಿಲ್ 23ರ ಸಂತ ಜಾರ್ಜನ ಹಬ್ಬದಿಂದ ಮುಂದಿನ ವರ್ಷದ ಅದೇ ಹಬ್ಬಕ್ಕೆ. ಬೆನ್ನಿನ ಮೇಲೆ 1734/35 ಎಂದಿರುವ ಲೆಕ್ಕಪುಸ್ತಕದಲ್ಲಿ 1734ರ ಫೆಬ್ರವರಿಯ ಖರ್ಚು ಇರುವುದಿಲ್ಲ, ಹಿಂದಿನ ಪುಸ್ತಕದಲ್ಲಿರುತ್ತದೆ. 19ನೇ ಶತಮಾನದಲ್ಲಿ ಲೆಕ್ಕವರ್ಷ ಜುಲೈ 1ರಿಂದ ಜೂನ್ 30.

ನೆಲದ ಅಳತೆ ಮೋರ್ಗನ್. ಒಂದು ಮೋರ್ಗನ್ 3,152 ಚದರ ಮೀಟರ್, ನಮ್ಮ ಲೆಕ್ಕದಲ್ಲಿ 31 ಗುಂಟೆಗೆ ತುಸು ಹೆಚ್ಚು. 1806ರ ಸುಧಾರಣೆಗೆ ಮುಂಚೆ ಅದನ್ನು 16 ಅಡಿಯ ರೂಟೆ ಎಂಬ ಅಳತೆಕೋಲಿನಲ್ಲಿ 150 ಚದರ ರೂಟೆ ಎಂದು ಬರೆದರು, ಆಮೇಲೆ 10 ಅಡಿಯ ರೂಟೆಯಲ್ಲಿ 384 ಚದರ ರೂಟೆ ಎಂದು. ಅಡಿ 28.65 ಸೆಂಟಿಮೀಟರ್. ನೆಲ ಅಷ್ಟೇ, ಸಂಖ್ಯೆ ಮಾತ್ರ ಬೇರೆ. ಹಳೆ ಪುಸ್ತಕದ ರೂಟೆಯನ್ನು ಹೊಸ ರೂಟೆ ಎಂದು ತಿಳಿದರೆ ಹೊಲ ಎರಡೂವರೆ ಪಟ್ಟು ಕುಗ್ಗುತ್ತದೆ. ದ್ರಾಕ್ಷಾರಸದ ಐಮರ್ ಸುಮಾರು 294 ಲೀಟರ್, ಧಾನ್ಯದ ಶೆಫೆಲ್ ಸುಮಾರು 177 ಲೀಟರ್, ಒಂದು ಗುಲ್ಡನ್‌ಗೆ 60 ಕ್ರಾಯ್ಟ್ಸರ್. ಇವು 19ನೇ ಶತಮಾನದ ಏಕರೂಪದ ಅಳತೆಗಳು. ಡಚಿಯ ಹೊರಗಿದ್ದ ಊರುಗಳಿಗೆ ತಮ್ಮದೇ ಅಳತೆಗಳಿದ್ದವು, ಅಲ್ಲಿ ಇದೇ ಅಂಕಿ ಹಾಕಬೇಡಿ.

ಏಳನೇ ಹಂತ: ನಕ್ಷೆಯ ಮೇಲೆ ಇಡಿ

ಎರಡು ನಕ್ಷೆಗಳು ಸಾಕು. ಅರಣ್ಯಗಳ ಗಡಿ ತೋರಿಸಲು ಆಂಡ್ರೆಯಾಸ್ ಕೀಸರ್ 1680ರಿಂದ 1687ರವರೆಗೆ ಬಿಡಿಸಿದ ನಕ್ಷೆ ಮತ್ತು ಊರುಗಳ ಚಿತ್ರಗಳಲ್ಲಿ ಹಳೆಯ ಗೋಡೆ, ಬಾಗಿಲು, ಚರ್ಚು ಕಾಣುತ್ತವೆ. 1693ರ ಫ್ರೆಂಚ್ ದಾಳಿಯಲ್ಲಿ ಮಾರ್ಬಾಖ್, ಬಾಕ್ನಾಂಗ್ ಸುಟ್ಟುಹೋಗುವ ಮುನ್ನ ಹೇಗಿದ್ದವೆಂದು ತಿಳಿಯಲು ಇದೇ ದಾರಿ.

ಎರಡನೆಯದು 1818ರಿಂದ 1840ರವರೆಗೆ ನಡೆದ ಭೂಮಾಪನ, 1:2500 ಪ್ರಮಾಣ. ಟ್ಯೂಬಿಂಗನ್ ಕೋಟೆಯ ವೀಕ್ಷಣಾಲಯವೇ ಸೊನ್ನೆ ಬಿಂದು. ಹಾಳೆಗಳಿಗೆ ಅಲ್ಲಿಂದ ಈಶಾನ್ಯ, ವಾಯವ್ಯ, ಆಗ್ನೇಯ, ನೈಋತ್ಯ ಎಂದು ದಿಕ್ಕು, ಮುಂದೆ ಸಾಲಿನ ಸಂಖ್ಯೆ. ಪ್ರತಿ ಹೊಲದ ತುಂಡೂ, ಪ್ರತಿ ಮನೆಯೂ ಇದೆ. ಊರಿನ ಎಲ್ಲೆ ಹಾಳೆಯ ಅಂಚಿಗೆ ನಿಲ್ಲುವುದಿಲ್ಲ, ಆದ್ದರಿಂದ ಒಂದು ಸಣ್ಣ ಪಟ್ಟಣಕ್ಕೂ ಹಲವು ಹಾಳೆ ಬೇಕಾಗುತ್ತವೆ. ಹಿಡುವಳಿ ಪುಸ್ತಕದ ಹೊಲದ ಹೆಸರುಗಳನ್ನು ಇದರ ಮೇಲೆ ಗುರುತಿಸಿದರೆ ಹಳೆಯ ಒಡೆಯರ ಗಡಿ ಬಹುಮಟ್ಟಿಗೆ ಕಣ್ಣೆದುರು ಬರುತ್ತದೆ.

ಸಿಗದಿದ್ದಾಗ

ಖಾಲಿ ಜಾಗಕ್ಕೆ ಮೂರು ಕಾರಣ ಇರಬಹುದು. ಬೆಂಕಿ ಮೊದಲನೆಯದು: ಕಾಲ್ವ್ 1634ರಲ್ಲೂ 1692ರಲ್ಲೂ, ಗ್ಯೋಪಿಂಗನ್ 1782ರಲ್ಲಿ, ಟುಟ್‌ಲಿಂಗನ್ 1803ರಲ್ಲಿ ಉರಿದವು. ಹೈಲ್‌ಬ್ರಾನಿನ ನಗರ ಪತ್ರಾಗಾರ 1944ರ ಡಿಸೆಂಬರ್ 4ರ ಬಾಂಬ್ ದಾಳಿಗೆ ತುತ್ತಾಯಿತು. ಊರಿನ ಪ್ರತಿ ಸುಟ್ಟಿದ್ದರೆ ಮೇಲಿನ ಕಚೇರಿಗೆ ಕಳಿಸಿದ ಪ್ರತಿ ಸ್ಟಟ್‌ಗಾರ್ಟ್‌ನಲ್ಲಿ ಉಳಿದಿರಬಹುದು, ಹಿಡುವಳಿ ಪುಸ್ತಕಗಳ ವಿಷಯದಲ್ಲಿ ಹಾಗಾಗಿರುವುದು ಅಪರೂಪವಲ್ಲ.

ಎರಡನೆಯದು ಕಚೇರಿ ತಪ್ಪಿರುವುದು. ಕೋಷ್ಟಕಕ್ಕೆ ಮರಳಿ, ಆ ವರ್ಷದ ಸಾಲನ್ನು ಮತ್ತೆ ನೋಡಿ. 1806ರಿಂದ 1810ರವರೆಗಿನ ಕಾಗದಕ್ಕೆ ಹಳೆಯ ಆಮ್ಟ್ ಮತ್ತು ಅದನ್ನು ನುಂಗಿದ ಆಮ್ಟ್, ಎರಡರಲ್ಲೂ ಹುಡುಕಿ. ಗ್ಯುಗ್ಲಿಂಗನ್ನಿನ 18ನೇ ಶತಮಾನದ ಕಡತ ಬ್ರಾಕನ್‌ಹೈಮಿನ ಹೆಸರಿನಲ್ಲಿ ಇರುವ ಸಾಧ್ಯತೆ ಉಂಟು. 1926ರ ನಂತರದ ಬ್ರಾಕನ್‌ಹೈಮಿನ ವಿಷಯ ಹೈಲ್‌ಬ್ರಾನಿನ ಹೆಸರಿನಲ್ಲಿ ಇರುವಂತೆ.

ಮೂರನೆಯದು ಕಾನೂನಿನ ಗಡುವು. ಸರ್ಕಾರಿ ಜನನ ದಾಖಲೆ 110 ವರ್ಷ, ಮದುವೆಯದು 80, ಮರಣದ್ದು 30 ವರ್ಷ ದಾಟಿದ ಮೇಲೆ ಮಾತ್ರ ಪತ್ರಾಗಾರಕ್ಕೆ ಬಂದು ಎಲ್ಲರಿಗೂ ತೆರೆಯುತ್ತದೆ. ಅದಕ್ಕೆ ಮುಂಚೆ ಬೇಕಿದ್ದರೆ ಪಟ್ಟಣದ ನೋಂದಣಿ ಕಚೇರಿಗೆ ಅರ್ಜಿ ಹಾಕಿ, ನಿಮಗೂ ಆ ವ್ಯಕ್ತಿಗೂ ಇರುವ ಸಂಬಂಧಕ್ಕೆ ದಾಖಲೆ ಲಗತ್ತಿಸಬೇಕು.